ಓದುಗರ ಸ್ಪಂದನ: ಕ್ಯಾಮೆರಾ ಹಿಡಿದ ಯಜಮಾನರ ಜೊತೆ ಯುರೋಪಿಗೆ ಹೋಗಲೇ?

ಪ್ರಕಟವಾದ ಸಮಸ್ಯೆ: ನನ್ನ ಯಜಮಾನರು ನಿವೃತ್ತರಾದ ಮೇಲೆ ಫೋಟೊಗ್ರಫಿ ಹಚ್ಚಿಕೊಂಡಿದ್ದಾರೆ. ಸೆಪ್ಟೆಂಬರಿನಲ್ಲಿ ರೋಮ್, ಫ್ಲಾರೆನ್ಸ್, ವೆನಿಸ್, ಬಾರ್ಸಿಲೋನಾ, ಗ್ರನಾಡಾ, ಲಿಸ್ಬನ್ ಸುತ್ತಿ ಬರೋಣ ಅನ್ನುತ್ತಿದ್ದಾರೆ. ಹಂಪಿಗೆ ಹೋದಾಗ ಇವರು ಬೆಳಕು ಬರಲಿ ಅಂತ ಮಾತಂಗ ಬೆಟ್ಟದ ಮೇಲೆ ನಿಂತರು, ನಾನು ಬುಡದಲ್ಲಿ ಬ್ಯಾಗ್ ಕಾಯುತ್ತಾ ಕೂತೆ. ನನಗೆ ಮಂಡಿನೋವು ಬೇರೆ. ಹಳೆಯ ಕಟ್ಟಡ, ಚಿತ್ರ, ಶಿಲ್ಪ ನೋಡುವ ಆಸೆ ನನಗೂ ಇದೆ. ಅಷ್ಟು ದುಡ್ಡು ಸುರಿದು ಅಲ್ಲೂ ಬ್ಯಾಗ್ ಕಾಯಬೇಕಾ? ಸ್ನೇಹಿತರ ಜೊತೆ ಹೋಗಿಬನ್ನಿ ಅಂದರೆ ಒಪ್ಪುತ್ತಿಲ್ಲ. ಏನು ಮಾಡಲಿ?

ದಿನವನ್ನು ಮೊದಲೇ ಹಂಚಿಕೊಳ್ಳಿ

ಮೇಡಂ, ಖಂಡಿತ ಹೋಗಿ. ನಮ್ಮ ಮನೆಯಲ್ಲೂ ಕ್ಯಾಮೆರಾ ಹುಚ್ಚಿನವರು ಇದ್ದಾರೆ. ಇಟಲಿ, ಸ್ಪೇನ್ ಎರಡನ್ನೂ ಜಗಳವಿಲ್ಲದೆ ನೋಡಿ ಬಂದಿದ್ದೇವೆ. ಹೊರಡುವ ಮೊದಲೇ ದಿನವನ್ನು ಹಂಚಿಕೊಂಡಿದ್ದರಿಂದ ಅದು ಸಾಧ್ಯವಾಯಿತು.

ಫೋಟೊಗೆ ಒಳ್ಳೆಯ ಬೆಳಕು ಸಿಗೋದು ಸೂರ್ಯ ಹುಟ್ಟುವಾಗ ಮತ್ತು ಮುಳುಗುವಾಗ. ನಡುಹಗಲಿನ ಬಿಸಿಲು ಫೋಟೊ ತೆಗೆಯುವವರಿಗೂ ಬೇಡ. ಹಾಗಾಗಿ ಬೆಳಗಿನ ಹೊತ್ತು ಪೂರ್ತಿ ಅವರಿಗೇ ಬಿಟ್ಟುಬಿಡಿ. ಒಬ್ಬರೇ ಎದ್ದು ಹೋಗಲಿ, ನೀವು ಹಾಯಾಗಿ ಮಲಗಿ. ರೋಮಿನ ಟ್ರೆವಿ ಕಾರಂಜಿಯ ಮುಂದೆ ಹಗಲಲ್ಲಿ ಕಾಲಿಡಲು ಜಾಗ ಇರಲ್ಲ. ಬೆಳಕು ಹರಿಯುವ ಮುಂಚೆ ಹೋದವರಿಗೆ ಮಾತ್ರ ಒಂದಿಷ್ಟು ಆರಾಮ. ಸ್ಪೇನಿನಲ್ಲಂತೂ ಅಷ್ಟು ಬೇಗ ಏಳುವ ಕಷ್ಟವೂ ಇಲ್ಲ. ಅಲ್ಲಿನ ಗಡಿಯಾರ ಸೂರ್ಯನಿಗಿಂತ ಮುಂದೆ ಓಡುತ್ತದೆ. ಸೆಪ್ಟೆಂಬರ್ ಮಧ್ಯದಲ್ಲಿ ಗ್ರನಾಡಾದಲ್ಲಿ ಸೂರ್ಯ ಹುಟ್ಟೋದೇ ಸುಮಾರು 8 ಗಂಟೆಗೆ. ಅವರು ಫೋಟೊ ತೆಗೆದು ಬರುವ ಹೊತ್ತಿಗೆ ನೀವು ತಿಂಡಿಗೆ ಸಿದ್ಧವಾಗಿರುತ್ತೀರಿ.

ಹತ್ತರಿಂದ ನಾಲ್ಕರವರೆಗೆ ನಿಮ್ಮ ಸಮಯ. ಆಗ ಮ್ಯೂಸಿಯಂ ನೋಡಿ, ನಿಮ್ಮ ವೇಗದಲ್ಲಿ. ಫ್ಲಾರೆನ್ಸಿನ ಅಕಾಡೆಮಿಯಾದಲ್ಲಿ ಮೈಕೆಲ್ಯಾಂಜೆಲೊನ ಡೇವಿಡ್ ಇದೆ, ದೈತ್ಯ ಗೋಲಿಯಾತನನ್ನು ಎದುರಿಸಿದ ಬೈಬಲಿನ ಹುಡುಗ. 1504ರಲ್ಲಿ ಮುಗಿದ ಶಿಲ್ಪ, ಐದು ಮೀಟರಿಗಿಂತ ಎತ್ತರ. ಎಲ್ಲರೂ ಮುಂದೆ ನಿಂತು ಒಂದು ಫೋಟೊ ತೆಗೆದು ಹೊರಟುಬಿಡುತ್ತಾರೆ. ನೀವು ಅವನ ಬಲಗೈ ನೋಡಿ. ಮೈಗೆ ಹೋಲಿಸಿದರೆ ಕೈ ಸ್ವಲ್ಪ ದೊಡ್ಡದು. ಹಿಂಗೈ ಮೇಲೆ ನರಗಳು ಉಬ್ಬಿವೆ, ಕೈಯಲ್ಲಿ ಏನನ್ನೋ ಬಿಗಿಯಾಗಿ ಹಿಡಿದಿದ್ದಾನೆ. ಮುಖ ಶಾಂತವಾಗಿದೆ ಅಂದುಕೊಂಡವರಿಗೆ ಆ ಕೈ ನೋಡಿದ ಮೇಲೆ ಅವನು ಯುದ್ಧಕ್ಕೆ ನಿಂತಿದ್ದಾನೆ ಅಂತ ಗೊತ್ತಾಗುತ್ತದೆ. ಇಂಥದ್ದಕ್ಕೆ ಸಮಯ ಬೇಕು, ಅದನ್ನು ಕೇಳಿ ತೆಗೆದುಕೊಳ್ಳಿ. ಅಕಾಡೆಮಿಯಾ, ಅದೇ ಊರಿನ ಚಿತ್ರಶಾಲೆ ಉಫೀಜಿ ಎರಡಕ್ಕೂ ಸೋಮವಾರ ರಜೆ, ನೆನಪಿರಲಿ.

ಸಂಜೆ ಇಬ್ಬರದೂ. ಒಂದೇ ಜಾಗ ಆರಿಸಿ, ಕೂತು ನೋಡುವಂಥದ್ದು. ಗ್ರನಾಡಾದ ಸಾನ್ ನಿಕೊಲಾಸ್ ಕಟ್ಟೆಗೆ ಹೋದರೆ ಎದುರಿಗೆ ಅಲ್‌ಹಂಬ್ರ ಕೋಟೆ-ಅರಮನೆ, ಅದರ ಹಿಂದೆ ಸಿಯೆರಾ ನೆವಾಡಾ ಬೆಟ್ಟಸಾಲು. ಸೂರ್ಯ ಇಳಿಯುತ್ತಿದ್ದಂತೆ ಕೋಟೆಯ ಗೋಡೆ ಕೆಂಪಾಗುತ್ತದೆ. ಯಜಮಾನರು ಎಷ್ಟು ಬೇಕಾದರೂ ಕ್ಲಿಕ್ ಮಾಡಲಿ, ನೀವು ಪಕ್ಕದಲ್ಲೇ ಕೂತಿರುತ್ತೀರಿ. ಮಂಡಿನೋವಿಗೆ ಹೆದರಬೇಡಿ, ಆ ಏರಿನ ಓಣಿಗಳಲ್ಲಿ ಪುಟ್ಟ ಬಸ್ ಓಡಾಡುತ್ತದೆ. ಅಲ್‌ಹಂಬ್ರ ಟಿಕೆಟನ್ನು ಮಾತ್ರ ಬಹಳ ಮುಂಚೆಯೇ ತೆಗೆದುಕೊಳ್ಳಿ. ಅದರೊಳಗಿನ ನಸ್ರಿದ್ ಅರಮನೆಗೆ ಹೋಗುವ ಸಮಯ ಟಿಕೆಟಿನಲ್ಲೇ ಇರುತ್ತದೆ. ಆ ಹೊತ್ತು ತಪ್ಪಿದರೆ ಒಳಗೆ ಬಿಡುವುದಿಲ್ಲ. ಹೊರಗೆ ಫೋಟೊ ತೆಗೆಯುತ್ತಾ ಮೈಮರೆಯುವವರಿಗೆ ಇದನ್ನು ಎರಡು ಸಲ ಹೇಳಬೇಕು.

— ಗೃಹಿಣಿ, ಮೈಸೂರು

ಈ ಮಾತು ನಿಮ್ಮ ಯಜಮಾನರಿಗೆ

ಸರ್, ನಾನೂ ಕ್ಯಾಮೆರಾದವನೇ. ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಮೇಡಂ ಕಾಯಬೇಕಾದಷ್ಟು ದೊಡ್ಡ ಬ್ಯಾಗ್ ಈ ಪ್ರವಾಸಕ್ಕೆ ಬೇಕಾಗಿಯೇ ಇಲ್ಲ. ಟ್ರೈಪಾಡ್ ಮನೆಯಲ್ಲೇ ಬಿಡಿ. ಅಲ್‌ಹಂಬ್ರದ ಒಳಗಾಗಲಿ, ವ್ಯಾಟಿಕನ್ ಮ್ಯೂಸಿಯಂನಲ್ಲಾಗಲಿ ಅದನ್ನು ಬಳಸಲು ಬಿಡುವುದಿಲ್ಲ. ಒಂದು ಕ್ಯಾಮೆರಾ, ಒಂದು ಸಣ್ಣ ಜೂಮ್ ಲೆನ್ಸ್, ಎರಡು ಬ್ಯಾಟರಿ ಸಾಕು. ಎಲ್ಲವೂ ನಿಮ್ಮ ಹೆಗಲಲ್ಲೇ ಇರಲಿ. ವಿಮಾನದಲ್ಲಿ ಹೆಚ್ಚುವರಿ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ವ್ಯಾಟಿಕನ್ನಿನ ಸಿಸ್ಟೈನ್ ಚಾಪೆಲ್‌ನಲ್ಲಿ ಫೋಟೊ ತೆಗೆಯುವಂತೆಯೇ ಇಲ್ಲ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಮೈಕೆಲ್ಯಾಂಜೆಲೊ 1508ರಿಂದ 1512ರವರೆಗೆ ಬಿಡಿಸಿದ ಆ ಛಾವಣಿಯನ್ನು ಇಬ್ಬರೂ ಅಕ್ಕಪಕ್ಕ ನಿಂತು ನೋಡಿ.

ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಚರ್ಚ್ ನಿಮ್ಮಿಬ್ಬರಿಗೂ ಹೇಳಿ ಮಾಡಿಸಿದ ಜಾಗ. 1883ರಲ್ಲಿ ವಾಸ್ತುಶಿಲ್ಪಿ ಆಂಟೋನಿ ಗೌಡಿ ಅದರ ಹೊಣೆ ಹೊತ್ತರು. 1926ರಲ್ಲಿ ಅವರು ತೀರಿಕೊಂಡ ಮೇಲೂ ಕೆಲಸ ಮುಂದುವರಿಯಿತು. ಕಂಬಗಳು ಮೇಲೆ ಹೋಗುತ್ತಾ ಮರದ ಕೊಂಬೆಗಳಂತೆ ಕವಲೊಡೆಯುತ್ತವೆ. ಪೂರ್ವದ ಕಿಟಕಿಗಳಿಗೆ ನೀಲಿ, ಹಸಿರು ಗಾಜು. ಪಶ್ಚಿಮದವಕ್ಕೆ ಕೆಂಪು, ಕಿತ್ತಳೆ. ಬೆಳಿಗ್ಗೆ ಒಂದು ಬಣ್ಣ, ಸಂಜೆ ಇನ್ನೊಂದು. ನನ್ನ ಸಲಹೆ ಸಂಜೆ ನಾಲ್ಕರ ನಂತರದ ಟಿಕೆಟ್. ಪಶ್ಚಿಮದ ಬಿಸಿಲು ಗಾಜಿನ ಮೂಲಕ ಇಳಿದು ಕಂಬಗಳ ಮೇಲೆ ಮೆಲ್ಲಗೆ ಹತ್ತುತ್ತದೆ. ಮೇಡಂ ಬೆಂಚಿನ ಮೇಲೆ ಕೂತು ನೋಡಬಹುದು. ನೀವು ಅಲ್ಲೇ ಸುತ್ತಮುತ್ತ ಓಡಾಡಿಕೊಂಡಿರಬಹುದು.

ರೋಮಿನ ಪುರಾತನ ದೇವಾಲಯ ಪ್ಯಾಂಥಿಯಾನ್ ಕೂಡ ಅಷ್ಟೇ. ಗುಮ್ಮಟದ ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ಕಂಡಿ ಇದೆ. ಗಾಜಿಲ್ಲ, ಮುಚ್ಚಳವಿಲ್ಲ. ಮಳೆ ಬಂದರೆ ನೀರು ಒಳಗೇ ಸುರಿದು ನೆಲದಲ್ಲಿನ ತೂತುಗಳಿಂದ ಹರಿದುಹೋಗುತ್ತದೆ. ಬಿಸಿಲಿದ್ದರೆ ಬೆಳಕಿನ ದೊಡ್ಡ ಬಿಲ್ಲೆ ಗೋಡೆಯ ಮೇಲೆ ಜರುಗುತ್ತಾ ಹೋಗುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ನಡುಹಗಲಿಗೆ ಅದು ಬಾಗಿಲಿನ ಮೇಲ್ಭಾಗದ ಹತ್ತಿರ ಇರುತ್ತದೆ. ಬೆಳಕಿಗೆ ಸರಿಯಾಗಿ ಎಕ್ಸ್‌ಪೋಷರ್ ಇಟ್ಟು, ಉಳಿದದ್ದು ಕತ್ತಲಾದರೆ ಆಗಲಿ ಬಿಡಿ.

ಇನ್ನೊಂದು ಮಾತು. ಮೇಡಂ ಅವರ ಫೋಟೊ ತೆಗೆಯಿರಿ. ಕಟ್ಟಡ ಎಷ್ಟು ದೊಡ್ಡದು ಅಂತ ತೋರಿಸಲು ಮೂಲೆಯಲ್ಲಿ ನಿಲ್ಲಿಸುವುದಲ್ಲ. ಅವರು ಕಾಫಿ ಕುಡಿಯುವಾಗ, ಚಿತ್ರ ನೋಡುತ್ತಾ ನಿಂತಾಗ, ನಗುವಾಗ ತೆಗೆಯಿರಿ.

— ಹವ್ಯಾಸಿ ಛಾಯಾಗ್ರಾಹಕ, ಶಿವಮೊಗ್ಗ

ಊರು ಕಡಿಮೆ ಮಾಡ್ರಿ

ತಂಗಿ, ಮೇಲಿನವರು ಹೇಳಿದಂಥ ಹಂಚಿಕೆ ಚಲೋ. ಆದರ ಆರು ಊರು ಇಟ್ಟುಕೊಂಡರ ಯಾವ ಹಂಚಿಕೆಯೂ ನಡೆಯೂದಿಲ್ಲ. ಒಂದು ಊರಿಂದ ಇನ್ನೊಂದು ಊರಿಗೆ ಹೋಗೂದರಾಗ ಅರ್ಧ ದಿನ ಹೋಗತೈತಿ. ಉಳಿದ ಅರ್ಧ ದಿನಕ್ಕ ಇಬ್ಬರೂ ಜಗಳಾಡತೀರಿ. ವೆನಿಸ್ ಈ ಸಲ ಬಿಡ್ರಿ. ಅಲ್ಲಿ ನಾಲ್ಕುನೂರಕ್ಕಿಂತ ಜಾಸ್ತಿ ಸೇತುವೆ ಅದಾವು, ಬಹಳಷ್ಟಕ್ಕ ಮೆಟ್ಟಿಲು. ನಿಮ್ಮ ಮಂಡಿಗೆ ಅದು ಶಿಕ್ಷೆ. ಇಟಲಿ ಒಳಗ ಎರಡು ಊರು, ಸ್ಪೇನ್ ಒಳಗ ಎರಡು ಊರು ಸಾಕು.

ಮತ್ತ, ಬ್ಯಾಗ್ ನಾ ಕಾಯಂಗಿಲ್ಲ ಅಂತ ಈಗಲೇ ಬಾಯಿಬಿಟ್ಟು ಹೇಳ್ರಿ. ಮನಸಿನಾಗ ಇಟ್ಟುಕೊಂಡು ಹೋದರ ಅಲ್ಲಿ ಹೋಗಿ ಮುಖ ಬಾಡತೈತಿ. ನಿಮ್ಮ ಯಜಮಾನರು ಸ್ನೇಹಿತರ ಜೊತೆ ಹೋಗಲಿಕ್ಕೆ ಒಪ್ಪವಲ್ಲರು ಅಂದ್ರ ನೀವು ಜೊತೆಗೆ ಬೇಕು ಅಂತಲೇ ಅಲ್ಲೇನು? ಆ ಮಾತನ್ನ ಕಡೆಗಣಿಸಬ್ಯಾಡ್ರಿ.

— ನಿವೃತ್ತ ಶಿಕ್ಷಕಿ, ಧಾರವಾಡ

ಲಿಸ್ಬನ್ ಬಿಡಬೇಡಿ

ನಾನು ಕಾರವಾರದವನು, ಕೆಲಸಕ್ಕೆ ಅಂತ ಪೋರ್ಚುಗಲ್‌ನಲ್ಲಿದ್ದೇನೆ. ಲಿಸ್ಬನ್ ಏರು ತಗ್ಗಿನ ಊರು ನಿಜ. ಕಾಲುದಾರಿಯ ಸಣ್ಣ ಕಲ್ಲುಗಳು ಸವೆದು ನುಣುಪಾಗಿವೆ, ಹಿಡಿತವಿರುವ ಬೂಟು ತನ್ನಿ. ಆದರೆ ನದಿಯಂಚಿನ ಬೆಲೆಂ ಕಡೆ ಸಪಾಟು, ಅಕ್ಕ ಆರಾಮಾಗಿ ನಡೆಯಬಹುದು. ಅಲ್ಲಿನ ಜೆರೋನಿಮುಸ್ ಮಠದ ಚರ್ಚಿನಲ್ಲಿ ವಾಸ್ಕೊ ಡ ಗಾಮನ ಸಮಾಧಿ ಇದೆ. 1498ರಲ್ಲಿ ಅವನು ವಾಪಸ್ ಹೊರಟಾಗ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಹಡಗು ನಿಲ್ಲಿಸಿದ್ದ. ಆ ದ್ವೀಪ ನೋಡುತ್ತಾ ಬೆಳೆದವನಿಗೆ ಆ ಕಲ್ಲಿನ ಪೆಟ್ಟಿಗೆಯ ಮುಂದೆ ನಿಂತಾಗ ಮೈ ಜುಮ್ಮೆಂದಿತ್ತು.

28ನೇ ನಂಬರಿನ ಹಳದಿ ಟ್ರಾಮ್ ಫೋಟೊಗೆ ಚೆಂದ. ಆದರೆ ಒಳಗಿನ ನೂಕುನುಗ್ಗಲಲ್ಲಿ ಜೇಬುಗಳ್ಳರ ಕಾಟ ಜಾಸ್ತಿ. ಬಾರ್ಸಿಲೋನಾದ ರಾಂಬ್ಲಾ ಬೀದಿಯಲ್ಲೂ ಅದೇ ಕಥೆ. ಕ್ಯಾಮೆರಾ ಪಟ್ಟಿ ಕೊರಳಿಗೆ ಅಡ್ಡ ಹಾಕಿಕೊಳ್ಳಿ, ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. ಸಸ್ಯಾಹಾರಿಗಳಾದರೆ ಇಲ್ಲಿ ಸೂಪ್ ಕುಡಿಯುವ ಮುಂಚೆಯೂ ಕೇಳಿ. ಕಾಲ್ದು ವೆರ್ದೆ ಅನ್ನುವ ಸೊಪ್ಪಿನ ಸೂಪಿಗೆ ಮಾಂಸದ ತುಂಡು ಹಾಕಿ ಕೊಡುವುದುಂಟು. ಸ್ಪೇನಿನ ಟೋರ್ತಿಯಾ ಅಂದರೆ ಆಲೂಗಡ್ಡೆ ಜೊತೆ ಮೊಟ್ಟೆ.

— ಲಿಸ್ಬನ್‌ನಿಂದ ಒಬ್ಬ ಓದುಗ

ವೀಸಾಗೆ ತಡ ಮಾಡಬೇಡಿ

ಇಟಲಿ, ಸ್ಪೇನ್, ಪೋರ್ಚುಗಲ್ ಮೂರಕ್ಕೂ ಒಂದೇ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ವೀಸಾ) ಸಾಕು. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಆರು ತಿಂಗಳು ಮುಂಚೆಯೇ ಹಾಕಲು ಅವಕಾಶವಿದೆ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸಿ ಆರೋಗ್ಯ ವಿಮೆ ಕಡ್ಡಾಯ. ಮಂಡಿನೋವು ಮೊದಲೇ ಇರುವುದರಿಂದ ವಿಮೆಯವರಿಗೆ ಅದನ್ನು ತಿಳಿಸಿ, ಏನೇನು ಸಿಗುತ್ತದೆ ಅಂತ ಓದಿ ಸಹಿ ಹಾಕಿ. ಹೋಟೆಲನ್ನು ರದ್ದು ಮಾಡಬಹುದಾದ ರೀತಿಯಲ್ಲಿ ಕಾದಿರಿಸಿ. ಊರುಗಳ ಪಟ್ಟಿ ಬದಲಾದರೆ ಅರ್ಜಿ ಹಾಕುವ ದೇಶವೂ ಬದಲಾಗಬಹುದು. ಅದಕ್ಕೇ ಈ ವಾರವೇ ಇಬ್ಬರೂ ಕೂತು ಯಾವ ಊರು ಬೇಕು, ಯಾವುದು ಬೇಡ ಅಂತ ತೀರ್ಮಾನಿಸಿ.

— ಓದುಗರು, ಬೆಂಗಳೂರು