ತಾಟಿನ ಬಳಿ ಹೋದರೆ ಕಚ್ಚುವ ನಾಯಿ: ಅನುಭವವಿದ್ದವರು ದಯವಿಟ್ಟು ತಿಳಿಸಿ

ನವನಗರ, ಹುಬ್ಬಳ್ಳಿ:
ಕಳೆದ ದೀಪಾವಳಿಯ ರಾತ್ರಿ ಪಟಾಕಿಗೆ ಬೆದರಿ ನಮ್ಮ ಗೇಟಿನೊಳಗೆ ನುಗ್ಗಿದ ಚಿನ್ನಿ ಇನ್ನೂ ನಮ್ಮಲ್ಲಿಯೇ ಇದ್ದಾಳೆ. ಉಳಿದ ಹೊತ್ತಿನಲ್ಲಿ ಬಹಳ ಸಾಧು. ಹತ್ತು ದಿನಗಳ ಹಿಂದೆ, ಅವಳು ಅರ್ಧ ತಿಂದ ತಾಟನ್ನು ಅತ್ತೆಯವರು ಸರಿಸಲು ಹೋದಾಗ ಮುಂಗೈಗೆ ಕಚ್ಚಿದಳು. ಸಾಬೂನು ಹಚ್ಚಿ ನಳದ ಕೆಳಗೆ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋದೆವು. 3 ಮತ್ತು 7ನೆಯ ದಿನದ ಚುಚ್ಚುಮದ್ದು ಮುಗಿದಿವೆ, 28ನೆಯ ದಿನದ್ದು ಬಾಕಿಯಿದೆ. ಯಜಮಾನರು ಕಟ್ಟಿಹಾಕು ಎನ್ನುತ್ತಾರೆ, ಅತ್ತೆಯವರು ಬೈಯುತ್ತಲೇ ಹಾಲು ಹಾಕುತ್ತಾರೆ. ಕಟ್ಟಬೇಕೋ ಬೇಡವೋ? ನೀವು ಏನು ಮಾಡಿದಿರಿ?

ಬೆಟಗೇರಿ, ಗದಗ:
ಅಕ್ಕನವರೆ, ನನ್ನ ಮುಧೋಳ ನಾಯಿಯ ಕಥೆ ಕೇಳಿದರೆ ನಿಮ್ಮ ಚಿನ್ನಿಗೆ ಆರತಿ ಎತ್ತುತ್ತೀರಿ. 12,000 ರೂಪಾಯಿ ಕೊಟ್ಟು ಮರಿ ತಂದೆ. ಈ ತಳಿ ಕಣ್ಣಿನಿಂದ ಬೇಟೆಯಾಡುವಂಥದ್ದು. ದೂರದಲ್ಲಿ ಏನಾದರೂ ಓಡಿದರೆ ನಮ್ಮ ಕೂಗು ಅದರ ಕಿವಿಗೆ ಬೀಳುವುದೇ ಇಲ್ಲ. ವರ್ಷ ತುಂಬುವಷ್ಟರಲ್ಲಿ ಪಕ್ಕದ ಹೊಲದಲ್ಲಿ ಎರಡು ಕುರಿ ಹಿಡಿಯಿತು. ಕುರಿಯವರಿಗೆ 19,000, ಹಿತ್ತಲಿಗೆ ಆರು ಅಡಿ ಜಾಲರಿಗೆ 23,400, ಆ ಜಾಲರಿಯನ್ನೂ ಹಾರಿದ ಮೇಲೆ ಮೇಲುಗಡೆ ಒಳಬಾಗಿಸಿದ ಪಟ್ಟಿಗೆ ಮತ್ತೆ 4,150. ಒಂದು ದಿನವೂ ಸರಪಳಿ ಹಾಕಲಿಲ್ಲ. 2005ರಲ್ಲಿ ಅಂಚೆ ಇಲಾಖೆ ಇದೇ ತಳಿಯ ಅಂಚೆಚೀಟಿ ತಂದಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಮೂರು ಹೊತ್ತೂ ನಮ್ಮ ತಾಟಿನದೇ ರೊಟ್ಟಿ, ಪಲ್ಯ, ಎಂದೂ ಗುರುಗುಟ್ಟಿಲ್ಲ.

ಸಾಧನಕೇರಿ, ಧಾರವಾಡ:
ಸರ್, ಅಂಚೆಚೀಟಿಯ ಮೇಲಿನ ನಾಯಿ ಕುರಿ ಹಿಡಿಯುವುದಿಲ್ಲ. ಪಲ್ಯದಲ್ಲಿ ಉಳ್ಳಾಗಡ್ಡಿ ಇರುತ್ತದೆಯೇ? ಇದ್ದರೆ ಇಂದೇ ನಿಲ್ಲಿಸಿ, ಅದು ನಾಯಿಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ನಮ್ಮ ರಾಜಾನಿಗೆ ಮೂರ್ಛೆ ರೋಗ. ಮೊದಲ ಸಲ ಬಂದಾಗ ರಾತ್ರಿ 2 ಗಂಟೆ 40 ನಿಮಿಷ. ನಾಲ್ಕೂ ಕಾಲು ಸೈಕಲ್ ತುಳಿದಂತೆ ಆಡುತ್ತಿದ್ದವು, ಉಗುರು ನೆಲದ ಕಡಪಾ ಕಲ್ಲಿಗೆ ತಾಗಿ ಟಕಟಕ ಸದ್ದು, ನಾನು ಒಂದು ಕೈಯಲ್ಲಿ ಗಡಿಯಾರ ಹಿಡಿದು ಕುಳಿತಿದ್ದೆ, ಏಕೆಂದರೆ ಐದು ನಿಮಿಷ ದಾಟಿದರೆ ಕಾಯುವ ಮಾತೇ ಇಲ್ಲ. ಅಂದಿನಿಂದ ಹನ್ನೆರಡು ಗಂಟೆಗೊಮ್ಮೆ ಫಿನೋಬಾರ್ಬಿಟಾಲ್ 30 ಮಿಲಿಗ್ರಾಂ ಮಾತ್ರೆ, ಆರು ತಿಂಗಳಿಗೊಮ್ಮೆ ಯಕೃತ್ತಿನ ಪರೀಕ್ಷೆಗೆ 1,150 ರೂಪಾಯಿ. ನಾಲ್ಕು ವರ್ಷಗಳಿಂದ ಅಣ್ಣನ ಮಕ್ಕಳ ಮದುವೆಗೂ ರಾತ್ರಿ ಉಳಿದಿಲ್ಲ. ಆ ಮಾತ್ರೆ ಹಸಿವನ್ನು ಹೆಚ್ಚಿಸುವುದರಿಂದ ರಾಜಾನೂ ತಾಟು ಕಾಯಲು ಆರಂಭಿಸಿದ. ನಾನು ತಾಟು ಮುಟ್ಟುವುದನ್ನು ಬಿಟ್ಟು, ನಾಲ್ಕು ಹೆಜ್ಜೆ ದೂರದಿಂದಲೇ ಬೇಯಿಸಿದ ಮೊಟ್ಟೆಯ ತುಂಡು ಎಸೆದು ಹಿಂದಿರುಗುತ್ತಿದ್ದೆ. ಆರು ವಾರ ಹಿಡಿಯಿತು.

ಹಾವೇರಿ:
ನನ್ನದು ಯಶಸ್ಸಿನ ಕಥೆಯಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಗುರುತಿಗೆ ಕಿವಿಯ ತುದಿ ಕತ್ತರಿಸಿದ್ದ ಓಣಿಯ ನಾಯಿಯನ್ನು ಬಾಡಿಗೆ ಮನೆಗೆ ತಂದೆ. ಹಾಲಿನವನಿಗೆ ಎರಡು ಸಲ ಕಚ್ಚಿತು. ಎತ್ತಿಗೆ ಹಾಕುವ ಬಾಯಿಕುಕ್ಕೆಯಂಥದ್ದನ್ನು ಹೊಲಿಸಿದೆ, ಅದನ್ನೂ ಕಿತ್ತಿತು. ಹಾಲಿನವನ ಖರ್ಚು 2,800, ಅವನ ಹರಿದ ಪ್ಯಾಂಟು 900. ಮನೆಯ ಮಾಲೀಕರು ಒಂದು ತಿಂಗಳ ಗಡುವು ಕೊಟ್ಟಾಗ ಬ್ಯಾಡಗಿ ಹತ್ತಿರದ ಪರಿಚಯದವರ ಮೆಣಸಿನಕಾಯಿ ಹೊಲಕ್ಕೆ ಬಿಟ್ಟುಬಂದೆ. ಅಲ್ಲಿ ಚೆನ್ನಾಗಿದೆ. ತಿಂಗಳಿಗೊಮ್ಮೆ ಹೋಗಿ ಬೇಲಿಯಾಚೆ ಗಾಡಿ ನಿಲ್ಲಿಸಿ ನೋಡಿ ಬರುತ್ತೇನೆ, ಒಳಗೆ ಹೋಗುವುದಿಲ್ಲ.

ಸಾಧನಕೇರಿ:
ಹಾಲಿನವನ ಪ್ಯಾಂಟಿನ ಲೆಕ್ಕ ಇಟ್ಟಿದ್ದೀರಿ. ಆರು ವಾರದ ತಾಳ್ಮೆ ಇದ್ದಿದ್ದರೆ ಹೊಲಕ್ಕೆ ಬಿಡುವ ಪ್ರಸಂಗ ಬರುತ್ತಿರಲಿಲ್ಲ.

ಹಾವೇರಿ:
ನಿಮಗೆ ಸ್ವಂತ ಮನೆಯಿದೆ, ಮಾಲೀಕರ ಮುಂದೆ ಕೈಕಟ್ಟಿ ನಿಂತವನು ನಾನು. ನೀವು ಮದುವೆಗೆ ಉಳಿಯದಿದ್ದುದನ್ನು ಇಲ್ಲಿ ಹಿಂದಿನಿಂದಲೂ ಐದು ಸಲ ಬರೆದಿದ್ದೀರಿ, ನಾವೂ ಐದು ಸಲ ಓದಿದ್ದೇವೆ.

ಬೆಟಗೇರಿ:
ಇಬ್ಬರೂ ಸಮಾಧಾನ ಮಾಡಿಕೊಳ್ಳಿ. ಉಳ್ಳಾಗಡ್ಡಿಯ ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಿದೆ. ನಮ್ಮ ಅಜ್ಜನ ಕಾಲದಿಂದ ನಾಯಿಗಳು ಪಲ್ಯ ತಿಂದು ಹದಿಮೂರು ವರ್ಷ ಬದುಕಿವೆ.

ಸಾಧನಕೇರಿ:
ಅಜ್ಜನ ಕಾಲದಲ್ಲಿ ರಕ್ತಪರೀಕ್ಷೆ ಯಾರು ಮಾಡಿಸಿದ್ದರು ಸರ್?

ನವನಗರ:
ಎಲ್ಲರಿಗೂ ಧನ್ಯವಾದಗಳು, ಆದರೆ ನಾನು ಕೇಳಿದ್ದು ಕಟ್ಟಬೇಕೋ ಬೇಡವೋ ಎಂದು. ಸದ್ಯಕ್ಕೆ ತಾಟನ್ನು ಹಿಂದಿನ ಪಡಸಾಲೆಯಲ್ಲಿಟ್ಟು ಬಾಗಿಲು ಎಳೆದುಕೊಳ್ಳುತ್ತೇನೆ, ತಿಂದು ಹೊರಬಂದ ಮೇಲೆಯೇ ತಾಟು ತೆಗೆಯುತ್ತೇನೆ. ಅತ್ತೆಯವರು ಇಂದು ಕಿಟಕಿಯಿಂದ ಮೊಟ್ಟೆಯ ತುಂಡು ಎಸೆದರು. ಮೊದಲನೆಯದಕ್ಕೆ ಗುರುಗುಟ್ಟಿದಳು, ಮೂರನೆಯದಕ್ಕೆ ತಲೆಯೆತ್ತಿ ಕಿಟಕಿಯನ್ನೇ ನೋಡುತ್ತಿದ್ದಳು. ನಾಲ್ಕನೆಯದನ್ನು ಅತ್ತೆಯವರು ತಾವೇ ತಿಂದರು.

ಬೆಟಗೇರಿ:
ಉಪ್ಪು ಹಾಕಿದ್ದರೇ?