ಅಪ್‌ಡೇಟ್: ಸ್ವರ್ಣಾ ದಂಡೆಯ ಸುತ್ತು ನಡಿಗೆ ಆಯ್ತು

ಮಣಿಪಾಲದ ಕೆಳಗೆ ಸ್ವರ್ಣಾ ನದಿ ಬದಿಯಲ್ಲಿ, ಹೋದ ದಾರಿಯಲ್ಲೇ ವಾಪಸ್ ಬಾರದ ಹಾಗೆ ಒಂದು ಸುತ್ತು ನಡೆಯಲು ದಾರಿ ಕೇಳಿದ್ದೆನಲ್ಲ, ಭಾನುವಾರ ಮುಗಿಸಿ ಬಂದೆವು. ಕೆಲಸಕ್ಕೆ ಬಂದದ್ದು ‘ತೋಡಿನ (ಸಣ್ಣ ಹೊಳೆಯ) ಕಿಂಡಿ ಅಣೆಕಟ್ಟು ದಾಟಿ, ಗುಡ್ಡೆ ಮೇಲಿನ ರಸ್ತೆ ಹಿಡಿಯಿರಿ’ ಎಂದವರ ಮಾತು. ಮೊಬೈಲ್ ಮ್ಯಾಪ್ ನೋಡಿಕೊಂಡು ಹೋಗಿ ಅಂದದ್ದು ಮಾತ್ರ ಯಾರದೋ ಅಡಿಕೆ ತೋಟದ ಬೇಲಿಗೆ ಮುಟ್ಟಿಸಿತು. ನಾಯಿಯೂ ಇತ್ತು ಮಾರಾಯ್ರೆ. ಗದ್ದೆಹುಣಿ (ಗದ್ದೆಯ ಬದು) ಸಲೀಸು. ಮುರಕಲ್ಲಿನ (ಜಂಬಿಟ್ಟಿಗೆಯ) ಏರು ಸ್ವಲ್ಪ ಏದುಸಿರು ಬರಿಸುತ್ತದೆ, ಬೆಳಿಗ್ಗೆ ಒಂಬತ್ತರೊಳಗೆ ಹತ್ತಿಬಿಡಿ.

ಹೊಸತಾಗಿ ತಿಳಿದದ್ದು: ಅಣೆಕಟ್ಟಿನ ಕಿಂಡಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬುತ್ತಾರೆ. ಸಿಹಿನೀರು ನಿಲ್ಲಲಿಕ್ಕೆ ಮಾತ್ರವಲ್ಲ, ಸಮುದ್ರದ ಭರತದಲ್ಲಿ (ಉಬ್ಬರದಲ್ಲಿ) ಏರಿ ಬರುವ ಉಪ್ಪುನೀರು ಗದ್ದೆಗೆ ನುಗ್ಗದ ಹಾಗೆಯೂ. ಮಳೆಗಾಲದಲ್ಲಿ ತೋಡು ತುಂಬಿ ಹರಿಯುತ್ತದೆ, ಆಗ ಈ ದಾರಿ ಬೇಡ.