ಐಸಿಡಿ ಮೊದಲ ಶಾಕ್ ಕೊಟ್ಟ ಮೇಲೆ ಬಚ್ಚಲಿಗೆ ಹೋಗಲೂ ಭಯವಾಗುತ್ತಿದೆ: ಅನುಭವವುಳ್ಳವರು ದಯವಿಟ್ಟು ತಿಳಿಸಿ

ಮಲೆನಾಡ ಮೇಷ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ 49 ವರ್ಷ. ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರೌಢಶಾಲೆಯ ವಿಜ್ಞಾನ ಅಧ್ಯಾಪಕನಾಗಿದ್ದೇನೆ. ಮನೆಯ ಹಿಂದೆಯೇ ಎರಡು ಎಕರೆ ಅಡಿಕೆ ತೋಟವಿದೆ. ಮೂರು ವರ್ಷದ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದರು. ಆ ನಂತರ ಹೃದಯದ ಪಂಪ್ ಮಾಡುವ ಶಕ್ತಿ, ಅಂದರೆ ವೈದ್ಯರು ಇಎಫ್ ಎನ್ನುವುದು, ಶೇಕಡಾ 30ರ ಆಸುಪಾಸಿನಲ್ಲಿಯೇ ನಿಂತಿತು. ನಾಲ್ಕೂವರೆ ತಿಂಗಳ ಹಿಂದೆ ಶಾಲೆಯ ಪ್ರಾರ್ಥನೆಯ ವೇಳೆಯಲ್ಲಿ ಕುಸಿದು ಬಿದ್ದೆ. ಹೃದಯದ ಕೆಳಗಿನ ಕೋಣೆಗಳು ಲಯ ತಪ್ಪಿ ಅತಿವೇಗವಾಗಿ ಬಡಿದದ್ದೇ ಕಾರಣವೆಂದು ಹೇಳಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಎಡಗಡೆ ಕಾಲರ್ ಮೂಳೆಯ ಕೆಳಗೆ ಐಸಿಡಿ, ಅಂದರೆ ಹೃದಯದ ಲಯ ತಪ್ಪಿದರೆ ಶಾಕ್ ಕೊಟ್ಟು ಸರಿಪಡಿಸುವ ಸಣ್ಣ ಡಬ್ಬಿಯಂಥ ಸಾಧನ, ಅಳವಡಿಸಿದರು.

ನಾಲ್ಕು ತಿಂಗಳು ಎಲ್ಲವೂ ಸರಿಯಾಗಿಯೇ ಇತ್ತು. ಒಂಬತ್ತು ದಿನಗಳ ಹಿಂದೆ ಬೆಳಿಗ್ಗೆ ಸ್ನಾನ ಮಾಡುತ್ತ, ಬಕೆಟ್ಟಿಗೆ ಬಿಸಿನೀರು ಬಿಡಲು ನಲ್ಲಿಯ ಮೇಲೆ ಕೈಯಿಟ್ಟಿದ್ದಾಗ, ಎದೆಯ ಒಳಗಿನಿಂದ ಯಾರೋ ಒನಕೆಯಲ್ಲಿ ಗುದ್ದಿದಂತಾಯಿತು. ಕಣ್ಣು ಕತ್ತಲೆ ಬರಲಿಲ್ಲ, ತಲೆ ಸುತ್ತಲಿಲ್ಲ, ಮುಂಚಿತವಾಗಿ ಬಡಿತ ಹೆಚ್ಚಿದ ಅನುಭವವೂ ಆಗಲಿಲ್ಲ. ನನ್ನ ಕೂಗು ಕೇಳಿ ಹೆಂಡತಿ ಓಡಿ ಬಂದಳು. ಆಸ್ಪತ್ರೆಗೆ ಫೋನ್ ಮಾಡಿದಾಗ, ಒಂದೇ ಶಾಕ್ ಆಗಿದ್ದು ಈಗ ಆರಾಮವಾಗಿದ್ದರೆ ಗಾಬರಿ ಬೇಡ, ಮುಂದಿನ ತಪಾಸಣೆಗೆ ಬಂದಾಗ ನೋಡೋಣ ಎಂದರು. ಆ ತಪಾಸಣೆಗೆ ಇನ್ನೂ ಮೂರು ವಾರವಿದೆ.

ಅಂದಿನಿಂದ ನಾನು ಒಬ್ಬನೇ ಸ್ನಾನ ಮಾಡಿಲ್ಲ. ಬಾಗಿಲು ತೆರೆದಿಟ್ಟು, ಹೆಂಡತಿ ಹೊರಗೆ ನಿಂತಿದ್ದರೆ ಮಾತ್ರ ನಾಲ್ಕು ತಂಬಿಗೆ ನೀರು ಹೊಯ್ದುಕೊಂಡು ಬರುತ್ತೇನೆ. ತೋಟಕ್ಕೆ ಇಳಿದಿಲ್ಲ. ಶಾಲೆಗೆ ರಜೆ ಹಾಕಿದ್ದೇನೆ. ರಾತ್ರಿ ಎಡಮಗ್ಗುಲಿಗೆ ತಿರುಗಿದರೆ ಡಬ್ಬಿ ಅಲುಗಿದಂತೆನಿಸಿ ಎಚ್ಚರವಾಗುತ್ತದೆ. ಜೀವ ಉಳಿಸಲೆಂದು ಇಟ್ಟ ಸಾಧನಕ್ಕೇ ಹೆದರಿ ಬದುಕುವ ಈ ಸ್ಥಿತಿಯಿಂದ ಹೊರಬಂದವರು ಇದ್ದರೆ, ಹೇಗೆ ಬಂದಿರಿ ಎಂಬುದನ್ನು ತಿಳಿಸಿ. ಪ್ರಯೋಗಶಾಲೆಯ ಅಯಸ್ಕಾಂತ, ತೋಟದ ಪಂಪ್‌ಸೆಟ್ಟು, ಬೇಲಿ ಇವುಗಳ ಬಗೆಗೂ ಸ್ಪಷ್ಟವಾಗಿ ತಿಳಿಯಬೇಕಾಗಿದೆ.

ದಾವಣಗೆರೆ ಹಳಬ

ಮೇಷ್ಟ್ರೇ, ನನಗೆ 2014ರಲ್ಲಿ ಐಸಿಡಿ ಹಾಕಿದರು, ಬ್ಯಾಟರಿ ಮುಗಿಯುತ್ತ ಬಂದದ್ದರಿಂದ 2022ರಲ್ಲಿ ಡಬ್ಬಿಯನ್ನು ಬದಲಾಯಿಸಿದರು. ಈ ಅವಧಿಯಲ್ಲಿ ಮೂರು ಶಾಕ್ ಬಂದಿವೆ, ಅದರಲ್ಲಿ ಎರಡು ಒಂದೇ ಮಧ್ಯಾಹ್ನ. ನೀವು ಬರೆದಿರುವ ಭಯವನ್ನು ನಾನು ಸುಮಾರು ಒಂದು ವರ್ಷ ಅನುಭವಿಸಿದ್ದೇನೆ.

ನನಗೆ ಆ ಎರಡು ಶಾಕ್ ಬಂದದ್ದು ಮನೆಯ ಮಹಡಿಯ ಮೆಟ್ಟಿಲ ಮೇಲೆ. ಅಂದಿನಿಂದ ಮಹಡಿ ಹತ್ತುವುದನ್ನು ಬಿಟ್ಟೆ. ಆಮೇಲೆ ಯಾವ ಮೆಟ್ಟಿಲನ್ನೂ ಹತ್ತದಾದೆ, ಆಮೇಲೆ ಸಂತೆಗೆ ಹೋಗುವುದನ್ನು ಬಿಟ್ಟೆ, ಕೊನೆಗೆ ಬೀದಿಯ ತಿರುವಿನ ಅಂಗಡಿಗೂ ಹೋಗದಾದೆ. ಒಂದೊಂದನ್ನು ಬಿಟ್ಟಾಗಲೂ ಆ ದಿನ ಶಾಕ್ ಬರುತ್ತಿರಲಿಲ್ಲ, ಬಿಟ್ಟದ್ದರಿಂದಲೇ ಬರಲಿಲ್ಲ ಎಂದು ಮನಸ್ಸು ನಂಬುತ್ತಿತ್ತು. ಹೀಗೆ ನನ್ನ ಬದುಕು ಎರಡು ಕೋಣೆಗಳಿಗೆ ಇಳಿಯಿತು. ಇದು ನನ್ನೊಬ್ಬನ ದೌರ್ಬಲ್ಯವಲ್ಲ, ಶಾಕ್ ತಿಂದವರಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿ ಎಂದು ಬಿಡಿಸಿ ಹೇಳಿದವರು ಮನೋವೈದ್ಯರು. ಹೃದಯದ ವೈದ್ಯರ ಬಳಿ ಈ ಮಾತನ್ನು ಎತ್ತಲು ನನಗೆ ಸಂಕೋಚವಾಗಿತ್ತು. ನಿಮಗೆ ಆ ಸಂಕೋಚ ಬೇಡ. ಮನೋವೈದ್ಯರು ಹೇಳಿದಂತೆ ಮೊದಲ ವಾರ ಮೆಟ್ಟಿಲ ಬುಡದಲ್ಲಿ ಬರಿದೇ ಕುಳಿತೆ, ಎರಡನೆಯ ವಾರ ಮೂರು ಮೆಟ್ಟಿಲು ಹತ್ತಿ ಇಳಿದೆ. ಹದಿನೆಂಟು ಮೆಟ್ಟಿಲು ಹತ್ತಲು ಎರಡು ತಿಂಗಳು ಹಿಡಿಯಿತು. ಆದರೆ ಹಾಗೆ ಹತ್ತಿದ್ದು ಮತ್ತೆ ಕೈತಪ್ಪಲಿಲ್ಲ.

ಇನ್ನೊಂದು ಸಂಗತಿ. ಕೆಲವು ರಾತ್ರಿ ಶಾಕ್ ಹೊಡೆದಂತಾಗಿ ಬೆವತು ಎದ್ದು ಕೂರುತ್ತಿದ್ದೆ. ತಪಾಸಣೆಯಲ್ಲಿ ನೋಡಿದರೆ ಸಾಧನದ ದಾಖಲೆಯಲ್ಲಿ ಏನೂ ಇರುತ್ತಿರಲಿಲ್ಲ. ಇಲ್ಲದ ಶಾಕ್ ಬಂದಂತೆ ಭಾಸವಾಗುವುದು ಐಸಿಡಿ ಇರುವ ಅನೇಕರ ಅನುಭವವೆಂದು ಆಮೇಲೆ ತಿಳಿಯಿತು.

ಎಡಗೈಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಮಾಡಬೇಡಿ. ಮೊದಲ ನಾಲ್ಕರಿಂದ ಆರು ವಾರ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು ಎಂದಿದ್ದನ್ನು, ಕೈಯನ್ನು ಅಲುಗಿಸಲೇಬಾರದು ಎಂದು ತಿಳಿದು ಮೂರು ತಿಂಗಳು ಎದೆಗೆ ಒತ್ತಿಕೊಂಡೇ ಇದ್ದೆ. ಭುಜ ಬಿಗಿದುಹೋಗಿ, ಅದನ್ನು ಸಡಿಲಿಸಲು ಫಿಸಿಯೋಥೆರಪಿಗೆ ಅಲೆಯಬೇಕಾಯಿತು. ನಿಮಗೆ ನಾಲ್ಕು ತಿಂಗಳು ಕಳೆದಿರುವುದರಿಂದ, ವೈದ್ಯರನ್ನು ಕೇಳಿ ಕೈಯನ್ನು ಧಾರಾಳವಾಗಿ ಬಳಸಿ. ಎಡಮಗ್ಗುಲಲ್ಲಿ ಮಲಗುವುದರಿಂದ ಸಾಧನಕ್ಕೆ ಏನೂ ಆಗುವುದಿಲ್ಲ.

ಸಾಧನ ತಪಾಸಕಿ, ಮೈಸೂರು

ನಾನು ಪೇಸ್‌ಮೇಕರ್ ಮತ್ತು ಐಸಿಡಿ ತಪಾಸಣೆಯ ವಿಭಾಗದಲ್ಲಿ ತಂತ್ರಜ್ಞೆಯಾಗಿ ಕೆಲಸ ಮಾಡುತ್ತೇನೆ. ನಿಮ್ಮ ಬರಹದ ಎರಡನೆಯ ಪ್ಯಾರಾವನ್ನು ಎರಡು ಬಾರಿ ಓದಿದೆ, ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ನೀವು ಒದ್ದೆ ನೆಲದ ಮೇಲೆ ನಿಂತಿದ್ದಿರಿ, ಕೈ ಲೋಹದ ನಲ್ಲಿಯ ಮೇಲಿತ್ತು, ಬಿಸಿನೀರು ಬರುತ್ತಿತ್ತು, ಶಾಕಿಗೆ ಮುಂಚೆ ಯಾವ ಲಕ್ಷಣವೂ ಇರಲಿಲ್ಲ. ಆ ನೀರು ವಿದ್ಯುತ್ ಗೀಸರಿನದೇ? ಹೌದಾದರೆ, ಮೂರು ವಾರ ಕಾಯದೆ ಈ ವಾರವೇ ಸಾಧನವನ್ನು ಓದಿಸಿ, ಅಂದರೆ ಅದರಲ್ಲಿ ಉಳಿದಿರುವ ದಾಖಲೆಯನ್ನು ಆಸ್ಪತ್ರೆಯಲ್ಲಿ ನೋಡಿಸಿ. ಅಲ್ಲಿಯವರೆಗೆ ಗೀಸರಿನ ಸ್ವಿಚ್ ಹಾಕಬೇಡಿ.

ಕಾರಣವನ್ನು ಹೇಳುತ್ತೇನೆ, ವಿಜ್ಞಾನದ ಅಧ್ಯಾಪಕರಾದ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಐಸಿಡಿಯಿಂದ ಹೊರಟ ತಂತಿ ರಕ್ತನಾಳದ ಮೂಲಕ ಹಾದು ಬಲ ಹೃತ್ಕುಕ್ಷಿಯ, ಅಂದರೆ ಹೃದಯದ ಬಲಗಡೆಯ ಕೆಳಕೋಣೆಯ, ಒಳಗೋಡೆಗೆ ತಗುಲಿಕೊಂಡಿರುತ್ತದೆ. ಅದು ಅಲ್ಲಿ ಕೆಲವೇ ಮಿಲಿವೋಲ್ಟುಗಳ ಸಂಕೇತವನ್ನು ಆಲಿಸುತ್ತ ಬಡಿತಗಳನ್ನು ಎಣಿಸುತ್ತದೆ. ಗೀಸರಿಗೆ ಸರಿಯಾದ ಅರ್ಥಿಂಗ್ ಇಲ್ಲದೆ ಸೋರಿದ ವಿದ್ಯುತ್ತು ನೀರಿನ ಮೂಲಕ ಮೈಯನ್ನು ಹಾದು ನೆಲಕ್ಕೆ ಹೋದರೆ, ಕೈಗೆ ಜುಮ್ಮೆನ್ನದಷ್ಟು ಅಲ್ಪ ಪ್ರಮಾಣದ್ದಾದರೂ, ಅದರ 50 ಹರ್ಟ್ಜ್ ಕಂಪನವನ್ನು ಸಾಧನವು ಹೃದಯದ ಅತಿವೇಗದ ಬಡಿತವೆಂದು ತಪ್ಪಾಗಿ ಎಣಿಸಬಹುದು. ಎಣಿಕೆ ಗಡಿ ದಾಟಿದರೆ ಅದು ಕೆಲವು ಸೆಕೆಂಡುಗಳಲ್ಲಿ ಶಕ್ತಿ ತುಂಬಿಕೊಂಡು 35ರಿಂದ 40 ಜೂಲ್‌ವರೆಗಿನ ಶಾಕ್ ಕೊಡುತ್ತದೆ. ಹೃದಯ ಸರಿಯಾಗಿಯೇ ಬಡಿಯುತ್ತಿರುವುದರಿಂದ ರೋಗಿಗೆ ಪೂರ್ಣ ಎಚ್ಚರವಿದ್ದು, ಪೆಟ್ಟು ಪೂರ್ತಿಯಾಗಿ ಅರಿವಿಗೆ ಬರುತ್ತದೆ. ನಿಮಗೆ ಆದದ್ದು ಇದೇ ಎಂದು ಇಲ್ಲಿ ಕುಳಿತು ನಾನು ಹೇಳಲಾರೆ. ಎಚ್ಚರವಿರುವಾಗಲೂ ನಿಜವಾದ ಲಯದೋಷಕ್ಕೆ ಶಾಕ್ ಬರುವುದುಂಟು, ತಂತಿಯ ದೋಷದಿಂದಲೂ ಬರಬಹುದು. ಆದರೆ ಶಾಕಿನ ಹಿಂದುಮುಂದಿನ ಕ್ಷಣಗಳ ಗೆರೆಚಿತ್ರ ನಿಮ್ಮ ಡಬ್ಬಿಯಲ್ಲಿಯೇ ಉಳಿದಿರುತ್ತದೆ. ಅದನ್ನು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ.

ಪ್ರತಿಯೊಂದು ವೇಗದ ಬಡಿತಕ್ಕೂ ಐಸಿಡಿ ಶಾಕನ್ನೇ ಕೊಡುವುದಿಲ್ಲ ಎಂಬುದೂ ನಿಮಗೆ ತಿಳಿದಿರಲಿ. ಅನೇಕ ವೇಳೆ ಅದು ಮೊದಲು ಹೃದಯಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ಸಣ್ಣ ಸಣ್ಣ ಮಿಡಿತಗಳನ್ನು ಕೊಟ್ಟು ಲಯವನ್ನು ಸರಿಪಡಿಸಿಬಿಡುತ್ತದೆ. ಅದು ನಡೆದದ್ದು ಎಷ್ಟೋ ಬಾರಿ ರೋಗಿಗೆ ತಿಳಿಯುವುದೇ ಇಲ್ಲ. ಯಾವ ವೇಗಕ್ಕೆ ಏನು ಮಾಡಬೇಕೆಂದು ನಿಮ್ಮ ಸಾಧನದಲ್ಲಿ ನಿಗದಿಪಡಿಸಿದ್ದಾರೆ ಎಂಬುದನ್ನು ಕೇಳಿ ಬರೆದುಕೊಳ್ಳಿ. ವ್ಯಾಯಾಮದಲ್ಲಿ ನಿಮ್ಮ ನಾಡಿ ಆ ಗಡಿಗಿಂತ ನಿಮಿಷಕ್ಕೆ ಕನಿಷ್ಠ 10, ಸಾಧ್ಯವಾದರೆ 20 ಬಡಿತ ಕೆಳಗೇ ಇರಬೇಕು.

ಅಯಸ್ಕಾಂತ ಡಬ್ಬಿಯ ತೀರ ಹತ್ತಿರ ಬಂದರೆ, ಅದು ಅಲ್ಲಿರುವಷ್ಟು ಹೊತ್ತು ಸಾಧನದ ಶಾಕ್ ಕೊಡುವ ಕೆಲಸ ಸಾಮಾನ್ಯವಾಗಿ ಸ್ಥಗಿತಗೊಳ್ಳುತ್ತದೆ, ದೂರ ಸರಿಸಿದ ಕೂಡಲೇ ಮರಳುತ್ತದೆ. ಮೇಜಿನ ಮೇಲೆ ಪಟ್ಟಿ ಅಯಸ್ಕಾಂತವಿಟ್ಟು ಪಾಠ ಮಾಡಲು ಅಡ್ಡಿಯಿಲ್ಲ, ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ಮೊಬೈಲಿಗೂ ಇದೇ ನಿಯಮ: 15 ಸೆಂಟಿಮೀಟರ್ ಅಂತರವಿರಲಿ, ಬಲಗಿವಿಗೆ ಹಿಡಿಯಿರಿ. ಇಂಡಕ್ಷನ್ ಒಲೆಯಿಂದ 60 ಸೆಂಟಿಮೀಟರ್ ದೂರ ನಿಲ್ಲಿ. ವಿಮಾನ ನಿಲ್ದಾಣದಲ್ಲಾಗಲಿ ನಮ್ಮ ಮೆಟ್ರೋ ನಿಲ್ದಾಣದಲ್ಲಾಗಲಿ ತಪಾಸಣೆಯ ಚೌಕಟ್ಟನ್ನು ನಿಲ್ಲದೆ ದಾಟಿದರೆ ತೊಂದರೆಯಿಲ್ಲ. ಕೈಯಲ್ಲಿ ಹಿಡಿದ ಶೋಧಕವನ್ನು ಎದೆಯ ಮೇಲೆ ಆಡಿಸಬೇಡಿರೆಂದು ಸಾಧನದ ಕಾರ್ಡು ತೋರಿಸಿ ಹೇಳಿ.

ನನಗೆ ಹೆಚ್ಚು ಚಿಂತೆಯಿರುವುದು ನಿಮ್ಮ ತೋಟದ ಬಗ್ಗೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗೆ ಅರ್ಥಿಂಗ್ ಇದೆಯೇ ಎಂಬುದನ್ನು ಪರೀಕ್ಷಿಸುವವರೆಗೆ ಅದನ್ನು ಬೇರೆಯವರಿಂದ ಹಾಕಿಸಿ. ಹಂದಿ, ಕಾಟಿಗಳನ್ನು ತಡೆಯುವ ಸೋಲಾರ್ ಬೇಲಿ ಇದ್ದರೆ, ಚಾಲೂ ಇರುವಾಗ ಮುಟ್ಟಲೇಬೇಡಿ. ವೆಲ್ಡಿಂಗ್ ನಡೆಯುವಲ್ಲಿ ನಿಲ್ಲಬೇಡಿ.

ಹಾಸನದಿಂದ ಒಬ್ಬ ಗೃಹಿಣಿ

ನಾನು ಮೇಷ್ಟ್ರ ಹೆಂಡತಿಗಾಗಿ ಬರೆಯುತ್ತಿದ್ದೇನೆ. ನನ್ನ ಯಜಮಾನರಿಗೆ ಐಸಿಡಿ ಹಾಕಿ ಐದು ವರ್ಷವಾಯಿತು. ಮೊದಲ ಆರು ತಿಂಗಳು ನಾನು ಅವರ ಉಸಿರನ್ನು ಕೇಳುತ್ತ ರಾತ್ರಿ ಕಳೆದೆ. ಅವರ ಭಯವನ್ನು ಎಲ್ಲರೂ ವಿಚಾರಿಸುತ್ತಿದ್ದರು, ನನ್ನದನ್ನು ಯಾರೂ ವಿಚಾರಿಸಲಿಲ್ಲ.

ತಂಗಿ, ಅವರಿಗೆ ಶಾಕ್ ಬರುವ ಹೊತ್ತಿನಲ್ಲಿ ನೀವು ಮುಟ್ಟಿದ್ದರೆ ನಿಮಗೆ ಅಪಾಯವಿಲ್ಲ. ಹೆಚ್ಚೆಂದರೆ ಸಣ್ಣ ಜುಮ್ಮೆನ್ನುವಿಕೆ ತಿಳಿಯಬಹುದು. ಇದನ್ನು ತಿಳಿಯದೆ ನಾನು ಮಗಳನ್ನು ಎಷ್ಟೋ ದಿನ ಅಪ್ಪನ ತೊಡೆಯ ಮೇಲೆ ಕೂರಲು ಬಿಡಲಿಲ್ಲ, ಅದು ಇಂದಿಗೂ ನೆನಪಾದರೆ ಸಂಕಟವಾಗುತ್ತದೆ. ದಾಂಪತ್ಯದ ವಿಷಯವನ್ನೂ ವೈದ್ಯರಲ್ಲಿ ಕೇಳಿ. ಎರಡು ಮಹಡಿಯನ್ನು ಏದುಸಿರಿಲ್ಲದೆ ಹತ್ತಬಲ್ಲವರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲವೆಂದು ನಮಗೆ ಹೇಳಿದರು, ಆ ಒಂದು ಮಾತಿನಿಂದ ನಮ್ಮ ನಡುವಿನ ಎಷ್ಟೋ ಬಿಗುವು ಸಡಿಲವಾಯಿತು.

ನಮ್ಮ ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ. ಒಂದು ಶಾಕ್ ಬಂದು ಆರಾಮವಿದ್ದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ ಬೇಗ ಸಾಧನ ಓದಿಸುವುದು. ಒಂದೇ ದಿನ ಎರಡನೆಯದು ಬಂದರೆ, ಇಲ್ಲವೇ ಒಂದೇ ಬಂದರೂ ಎದೆನೋವು, ಉಸಿರಾಟದ ಕಷ್ಟ, ತಲೆಸುತ್ತು ಇದ್ದರೆ, 108ಕ್ಕೆ ಕರೆ. ಪ್ರಜ್ಞೆ ತಪ್ಪಿ ಉಸಿರಾಡದಿದ್ದರೆ, ಡಬ್ಬಿ ಇದೆಯೆಂದು ಕಾಯದೆ ಎದೆ ಒತ್ತುವುದು. ಎದೆ ಒತ್ತುವುದನ್ನು ನಾನೂ ಮಗಳೂ ಕಲಿತೆವು. ಏನು ಮಾಡಬೇಕೆಂದು ಕೈಗಳಿಗೆ ತಿಳಿದ ಮೇಲೆಯೇ ನನಗೆ ನಿದ್ದೆ ಬಂದದ್ದು.

ಲೆಸ್ಟರ್ ಕನ್ನಡಿಗ

ವಾಹನದ ಮಾತು ಯಾರೂ ಎತ್ತಿಲ್ಲವಾದ್ದರಿಂದ ಇಷ್ಟು ಸೇರಿಸುತ್ತೇನೆ. ನಾನಿರುವ ಬ್ರಿಟನ್ನಿನಲ್ಲಿ, ನಿಮ್ಮಂತೆ ಲಯದೋಷದಿಂದ ಕುಸಿದು ಬಿದ್ದು ಐಸಿಡಿ ಹಾಕಿಸಿಕೊಂಡವರು ಆರು ತಿಂಗಳು ಕಾರು ಓಡಿಸುವಂತಿಲ್ಲ, ಬಸ್ಸು, ಲಾರಿಗಳನ್ನಂತೂ ಮುಂದೆಂದೂ ಓಡಿಸುವಂತಿಲ್ಲ. ನನಗೆ ಆ ಆರು ತಿಂಗಳು ಬಹಳ ಕಹಿಯಾಗಿದ್ದವು. ಆದರೆ ರಸ್ತೆಯಲ್ಲಿ ಇತರರ ಜೀವವೂ ಇದೆ. ನೀವು ಶಾಲೆಗೆ ಬೈಕಿನಲ್ಲಿ ಹೋಗುವವರಾದರೆ, ಅದನ್ನು ವೈದ್ಯರು ಒಪ್ಪುವವರೆಗೆ ಮುಟ್ಟದಿರಿ.

ಮಲೆನಾಡ ಮೇಷ್ಟ್ರು

ಹನ್ನೆರಡು ದಿನಗಳ ಬಳಿಕ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮಿಸಿ. ಮೈಸೂರಿನ ಸಹೋದರಿಯ ಮಾತು ಓದಿದ ಮರುದಿನವೇ ಆಸ್ಪತ್ರೆಗೆ ಮತ್ತೆ ಫೋನ್ ಮಾಡಿ, ಗೀಸರಿನ ವಿಷಯ ಹೇಳಿ, ಬೇಗ ಸಮಯ ಪಡೆದೆ. ತಂತ್ರಜ್ಞರು ಗೆರೆಚಿತ್ರವನ್ನು ಮುದ್ರಿಸಿ ನನ್ನ ಮುಂದೆಯೇ ಇಟ್ಟು ವಿವರಿಸಿದರು. ಕಾಗದದ ತುಂಬ ಒತ್ತೊತ್ತಾಗಿ, ಒಂದೇ ಸಮನೆ ಸಾಗುವ ಸಣ್ಣ ಗೆರೆಗಳು. ಅವುಗಳ ನಡುವೆ, ಕಾಡಿನಲ್ಲಿ ದೊಡ್ಡ ಮರಗಳು ಕಾಣುವಂತೆ, ನನ್ನ ಹೃದಯದ ನಿಜವಾದ ಬಡಿತಗಳು, ನಿಮಿಷಕ್ಕೆ 84ರ ವೇಗದಲ್ಲಿ. ತಂತಿ ಸರಿಯಿದೆ, ಲಯ ತಪ್ಪಿರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ನೋಡಿದಾಗ ಗೀಸರಿನ ಪ್ಲಗ್ಗಿಗೆ ಬರಬೇಕಾದ ಅರ್ಥಿಂಗ್ ತಂತಿ ಗೋಡೆಯೊಳಗೆ ಎಲ್ಲಿಗೂ ಸೇರಿರಲಿಲ್ಲ. ಪ್ರತಿವರ್ಷ ಮಕ್ಕಳಿಗೆ ಅರ್ಥಿಂಗಿನ ಪಾಠ ಮಾಡುವ ನಾನು ನನ್ನ ಮನೆಯದನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ ಎಂಬುದು ತುಂಬ ನೋಯಿಸಿತು. ಅದೇ ಬಚ್ಚಲಿನಲ್ಲಿ ನನ್ನ ಮಕ್ಕಳೂ ಸ್ನಾನ ಮಾಡುತ್ತಿದ್ದರು.

ಕಾರಣ ತಿಳಿದ ಕೂಡಲೇ ಭಯ ಹೋಗುತ್ತದೆಂದು ಭಾವಿಸಿದ್ದೆ, ಪೂರ್ತಿ ಹೋಗಿಲ್ಲ. ದಾವಣಗೆರೆಯವರು ಹೇಳಿದ ಮೆಟ್ಟಿಲಿನ ರೀತಿಯನ್ನೇ ಬಚ್ಚಲಿಗೆ ಅನ್ವಯಿಸಿಕೊಂಡಿದ್ದೇನೆ. ಹೊಸ ಅರ್ಥಿಂಗ್ ಮತ್ತು ಸೋರಿಕೆಗೆ ತಾನೇ ಕಡಿತಗೊಳ್ಳುವ ಸ್ವಿಚ್ ಹಾಕಿಸಿಯಾಗಿದೆ. ಆದರೂ ಸದ್ಯಕ್ಕೆ ಗೀಸರ್ ಬಿಟ್ಟು ಹಳೆಯ ಹಂಡೆಯ ಒಲೆಗೆ ಬೆಂಕಿ ಹಾಕುತ್ತಿದ್ದೇವೆ. ಹಾಸನದ ಅಕ್ಕನವರ ಹಾಳೆಯನ್ನು ನನ್ನ ಹೆಂಡತಿ ಕೈಯಾರೆ ನಕಲು ಮಾಡಿ ಬಾಗಿಲಿಗೆ ಅಂಟಿಸಿದ್ದಾಳೆ. ಬೈಕಿನ ಕೀಲಿ ಅವಳ ಬಳಿಯೇ ಇದೆ. ಪಂಪ್‌ಸೆಟ್ಟಿನ ಪರೀಕ್ಷೆ ಬರುವ ಗುರುವಾರ. ನಿನ್ನೆ ಬಚ್ಚಲ ಬಾಗಿಲನ್ನು ಮುಚ್ಚಿಕೊಂಡೆ. ಅಗುಳಿ ಇನ್ನೂ ಹಾಕಿಲ್ಲ.